ತೊಲೆಮುರಿ ದಿಬ್ಬ

ಸಂಪಿನಹೊಳೆ ಸಮುದ್ರ ಸೇರುವ ಅಳಿವೆಯ ಬಡಗು ದಡದಲ್ಲಿ, ಕುಳಿಬೇಲೆ ಊರಿನ ಕೊನೆಯ ಮನೆ ದಾಟಿದ ಮೇಲೆ, ಗಾಳಿಮರಗಳ ನಡುವೆ ಒಂದು ಎತ್ತರದ ಮರಳುದಿಬ್ಬವಿದೆ. ರಸ್ತೆಬದಿಯ ಹಲಗೆಯಲ್ಲಿ ‘ತೋಳ್ಮುರಿ’ ಎಂದು ಬರೆದಿರುವುದರಿಂದ, ಹೊರಗಿನಿಂದ ಬಂದವರು ಇಲ್ಲಿ ಯಾವುದೋ ಕಾಳಗ ನಡೆದು ಯಾರದೋ ತೋಳು ಮುರಿದಿರಬೇಕು ಎಂದುಕೊಳ್ಳುತ್ತಾರೆ. ಊರಿನ ಹಿರಿಯರು ಆ ಹಲಗೆಯನ್ನು ಒಪ್ಪುವುದಿಲ್ಲ. ಮುರಿದದ್ದು ತೋಳಲ್ಲ, ತೊಲೆ. ಇದು ತೊಲೆಮುರಿ ದಿಬ್ಬ ಎನ್ನುತ್ತಾರೆ. ಇದರ ಬುಡದ ಸಮತಟ್ಟು ಜಾಗದಲ್ಲಿ ಒಂದು ಕಾಲಕ್ಕೆ ಹಡಗು ಕಟ್ಟುತ್ತಿದ್ದರಂತೆ. ಹಿಂದೆ ಒಮ್ಮೆ, ಈ ಸೀಮೆ ಒಬ್ಬ ಪಾಳೆಯಗಾರನ ಕೈಯಲ್ಲಿದ್ದಾಗ, ಆ ಕೆಲಸಕ್ಕೆಲ್ಲ ಯಜಮಾನನಾಗಿದ್ದವನು ದುಗ್ಗಪ್ಪ ಆಚಾರಿ.

ದುಗ್ಗಪ್ಪ ಕಣ್ಣಳತೆಯನ್ನು ನಂಬಿದವನಲ್ಲ. ಹಡಗಿನ ಅಡಿಮರಕ್ಕೆ ತಂದ ದಿಮ್ಮಿಯಿಂದಲೇ ಒಂದು ಸಣ್ಣ ತೊಲೆ ಸೀಳಿ, ದಿಬ್ಬದ ಮೇಲೆ ಎರಡು ತುದಿಗೆ ಎರಡು ಕಲ್ಲುಕಟ್ಟೆ ಕಟ್ಟಿ, ತೊಲೆಯನ್ನು ಅವುಗಳ ಮೇಲೆ ಮಲಗಿಸುತ್ತಿದ್ದ. ತುದಿಯಿಂದ ತುದಿಗೆ ನೂಲು ಬಿಗಿದು, ಒಂದೇ ತೂಕದ ಕಲ್ಲುಗಳನ್ನು ತೊಲೆಯ ಉದ್ದಕ್ಕೂ ಸಾಲಾಗಿ ಹೇರುತ್ತ ಹೋಗುತ್ತಿದ್ದ. ಎಷ್ಟು ಕಲ್ಲಿಗೆ ತೊಲೆ ನೂಲಿನಿಂದ ಎಷ್ಟು ಬೆರಳು ಕೆಳಗೆ ಬಾಗಿತು ಎಂದು ನೋಡಿ, ಹಡಗು ಎಷ್ಟು ಹೊತ್ತೀತು ಎಂಬುದನ್ನು ಲೆಕ್ಕ ಹಾಕುತ್ತಿದ್ದ. ಮೂವತ್ತು ವರ್ಷದಲ್ಲಿ ಅವನು ಕಟ್ಟಿದ ಒಂದು ಹಡಗೂ ಬಿರುಕು ಬಿಟ್ಟಿರಲಿಲ್ಲ.

ಪಾಳೆಯಗಾರ ಸಮುದ್ರದ ನಡುವಿನ ದ್ವೀಪವೊಂದರಲ್ಲಿ ಕೋಟೆ ಕಟ್ಟಿಸಲು ಹೊರಟ. ಅದಕ್ಕೆ ಬೇಕಾದ ಕಲ್ಲುಚಪ್ಪಡಿ ಸಾಗಿಸಲು ಹಿಂದೆಂದೂ ಇಲ್ಲದಷ್ಟು ಉದ್ದದ ಹಡಗು ಬೇಕಾಯಿತು. ದುಗ್ಗಪ್ಪನ ತೊಲೆ ನಲವತ್ತು ಕಲ್ಲು ಹೊತ್ತು ಬರೀ ಎರಡು ಬೆರಳು ಬಾಗಿತು. ಹಡಗಿಗೆ ಮೂವತ್ತು ಕಲ್ಲಿನ ಲೆಕ್ಕದ ಭಾರ ಸಾಕೆಂದು ಅವನು ನಿಶ್ಚಯಿಸಿದ. ಹಡಗಿನ ಮುಖ್ಯಸ್ಥ ಮಂಕಾಳಿ ತಾಂಡೇಲ ಅವನ ಬಾಲ್ಯದ ಗೆಳೆಯ; ಇಬ್ಬರೂ ಇದೇ ಅಳಿವೆಯಲ್ಲಿ ಈಜು ಕಲಿತವರು. ಚಪ್ಪಡಿ ಹೇರುವ ದಿನ, ಹಾಯಿ ಕಟ್ಟುವ ಕೂವೆಮರ ನಿಂತ ನಡುಭಾಗಕ್ಕೆ ಭಾರ ಬೇಡ, ಅರ್ಧ ಮುಂದಕ್ಕೆ ಅರ್ಧ ಹಿಂದಕ್ಕೆ ಇಡಿ ಎಂದು ದುಗ್ಗಪ್ಪ ಹೇಳಿದ. ಮಂಕಾಳಿ ತಲೆ ಕೆರೆದುಕೊಂಡ.

“ದುಗ್ಗಣ್ಣ, ಎರಡು ತುದಿಗೂ ಇಷ್ಟು ಭಾರ ಹಾಕಿ ನಡು ಖಾಲಿ ಬಿಟ್ರೆ, ತೆರೆ ಮೇಲೆ ಇದು ಹ್ಯಾಂಗೆ ಕೂತ್ಕಳ್ತದ್ಯೋ?”

“ತೊಲೆ ಬಾಗೋದು ನಡುವಿಗೇ ಅಲ್ವಾ ಮಾರಾಯ? ಅಲ್ಲಿ ಭಾರ ಇಲ್ದಿದ್ರೆ ಮುರಿಯೋದು ಎಂತಕ್ಕೆ? ನೀ ಚುಕ್ಕಾಣಿ ನೋಡು, ಮರದ ಚಿಂತೆ ನಂಗೆ ಬಿಡು.”

ಮಂಕಾಳಿ ನಕ್ಕು ಹಡಗು ಹತ್ತಿದ. ಅಳಿವೆಯ ಬಾಯಿ ದಾಟುವ ಮೊದಲೇ, ದಡದಲ್ಲಿ ನಿಂತವರ ಕಣ್ಣೆದುರಿಗೇ ಹಡಗು ಎರಡಾಯಿತು. ಹನ್ನೊಂದು ಮಂದಿ ಹೋದರು. ಒಬ್ಬ ಖಲಾಸಿ ಮಾತ್ರ ಈಜಿ ಬಂದ. ಮಂಕಾಳಿಯ ಹೆಣ ಮೂರನೆಯ ದಿನ ತೆಂಕು ದಡಕ್ಕೆ ಬಿತ್ತು. ವಿಚಾರಣೆಗೆ ಬಂದ ಅರಮನೆಯ ಅಧಿಕಾರಿ ದುಗ್ಗಪ್ಪನನ್ನು ಕೇಳಿದಾಗ ಅವನು, “ನನ್ನ ಲೆಕ್ಕ ತಪ್ಪಿಲ್ಲ” ಎಂದಷ್ಟೇ ಹೇಳಿದ. ಅವನು ಹಾಗೆಂದೇ ನಂಬಿದ್ದ. ಲೆಕ್ಕ ಸರಿಯಿದ್ದ ಮೇಲೆ ತಪ್ಪು ತಾಂಡೇಲನದೇ, ಹಡಗನ್ನು ನೀರೊಳಗಿನ ಬಂಡೆಗೆ ತಾಗಿಸಿದ್ದಾನೆ ಎಂದು ತೀರ್ಪಾಯಿತು. ಆ ಮನೆತನದವರು ಇನ್ನು ಚುಕ್ಕಾಣಿ ಮುಟ್ಟಕೂಡದು ಎಂದು ಡಂಗುರ ಹೊಡೆಸಿದರು. ಮಂಕಾಳಿಯ ಇಬ್ಬರು ತಮ್ಮಂದಿರು ದೋಣಿಯನ್ನು ಬೋರಲು ಹಾಕಿ ಮನೆ ಸೇರಿದರು.

ಹದಿನಾಲ್ಕನೆಯ ದಿನ ಮಂಕಾಳಿಯ ಹೆಂಡತಿ ಸೋಮಕ್ಕ ದುಗ್ಗಪ್ಪನ ಮರಗೆಲಸದ ಕೊಟ್ಟಿಗೆಗೆ ಬಂದಳು. ಕೂರು ಎಂದರೆ ಕೂರಲಿಲ್ಲ.

“ಈಜಿ ಬಂದವ ಒಂದು ಮಾತು ಹೇಳ್ತಾನೆ, ಆಚಾರ್ರೇ. ಬಂಡೆ ತಾಗ್ಲಿಲ್ವಂತೆ. ದೊಡ್ಡ ತೆರೆ ಹಡಗಿನ ಹೊಟ್ಟೆ ಕೆಳಗೆ ಎದ್ದಿತಂತೆ. ನಡು ಮೇಲೆ ಬಂತು, ಎರಡು ತುದಿಯೂ ಗಾಳೀಲಿ ಜೋತುಬಿದ್ವು, ಆಗ ಬೆನ್ನು ಮುರಿದ ಸದ್ದಾಯ್ತು ಅಂತಾನೆ. ನಿಮ್ಮ ತೊಲೆ ಹಾಗೆ ಇಟ್ಟು ನೋಡಿದ್ರಾ?”

ದುಗ್ಗಪ್ಪ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟ. ಹಡಗನ್ನು ಎರಡು ತೆರೆಗಳು ಎರಡು ತುದಿಯಲ್ಲಿ ಎತ್ತಿ ಹಿಡಿದಾಗ ಏನಾಗುತ್ತದೆ ಎಂಬುದನ್ನು ಅವನು ಮೂವತ್ತು ವರ್ಷ ಅಳೆದಿದ್ದ. ಒಂದೇ ತೆರೆ ನಡುವಿಗೆ ಬಂದರೆ ಏನು ಎಂದು ಒಂದು ದಿನವೂ ಅಳೆದಿರಲಿಲ್ಲ. ಮಂಕಾಳಿ ಕೇಳಿದ್ದೂ ಅದನ್ನೇ. ಒಬ್ಬನೇ ದಿಬ್ಬಕ್ಕೆ ಹೋಗಿ ಪರೀಕ್ಷಿಸಬಹುದಿತ್ತು. ಆದರೆ ಒಬ್ಬನೇ ನೋಡಿದರೆ ಮುಚ್ಚಿಡುವ ಆಸೆ ಬಂದೀತೆಂಬ ಹೆದರಿಕೆ ಅವನಿಗಿತ್ತು ಎನ್ನುತ್ತಾರೆ. ಅರಮನೆಗೆ ಹೇಳಿಕಳಿಸಿ ಅಧಿಕಾರಿಯನ್ನು ಕರೆಸಿದ, ಊರನ್ನೆಲ್ಲ ಸೇರಿಸಿದ. ಎರಡು ಕಟ್ಟೆಗಳ ನಡುವೆ ಅವಕ್ಕಿಂತ ಎತ್ತರದ ಮೂರನೆಯದೊಂದು ಕಟ್ಟಿ, ಅದೇ ದಿಮ್ಮಿಯಿಂದ ಸೀಳಿದ ಇನ್ನೊಂದು ತೊಲೆಯನ್ನು ಅದೊಂದರ ಮೇಲೆಯೇ ನಿಲ್ಲಿಸಿ, ತುದಿಗೊಂದರಂತೆ ಕಲ್ಲು ಹೇರಿಸತೊಡಗಿದ. ಕಲ್ಲು ಎತ್ತಿಕೊಡುತ್ತಿದ್ದವರು ಮಂಕಾಳಿಯ ತಮ್ಮಂದಿರು. ಹತ್ತು, ಹದಿನಾರು, ಇಪ್ಪತ್ತು. ತುದಿಗಳು ಬಾಗಿ ನೂಲು ಮರದ ಬೆನ್ನಿಗೆ ಒತ್ತಿತು. ದುಗ್ಗಪ್ಪನ ತುಟಿ ಅಲುಗುತ್ತಿತ್ತು. ತೊಲೆ ತಾಳಲಿ ಎಂದು ಬೇಡುತ್ತಿದ್ದನೋ, ಮುರಿಯಲಿ ಎಂದೋ, ಯಾರಿಗೂ ತಿಳಿಯಲಿಲ್ಲ. ಇಪ್ಪತ್ತನಾಲ್ಕನೆಯ ಕಲ್ಲಿಗೆ ತೊಲೆ ಸಿಡಿದು ಎರಡಾಯಿತು.

ಅವನು ಅಧಿಕಾರಿಯ ಕಡೆ ತಿರುಗಿ, “ನಾನು ಹೇರಿಸಿದ್ದು ಮೂವತ್ತರ ಭಾರ. ಮಂಕಾಳಿ ಕೇಳಿದ್ದ, ನಾನು ಬಾಯಿ ಮುಚ್ಚಿಸಿದೆ. ಆ ಹನ್ನೊಂದು ಜನರನ್ನು ಕೊಂದವನು ನಾನು” ಎಂದ. ಡಂಗುರವನ್ನು ಹಿಂದಕ್ಕೆ ಪಡೆದರು. ಪಾಳೆಯಗಾರ ದುಗ್ಗಪ್ಪನಿಗೆ ಶಿಕ್ಷೆ ವಿಧಿಸಲಿಲ್ಲ; ಅದೇ ಅವನಿಗೆ ಹೊರಲಾಗದ ಶಿಕ್ಷೆಯಾಯಿತು. ಮರುದಿನ ಅವನು ಮಂಕಾಳಿಯ ಮನೆಗೆ ಹೋಗಿ ಅಂಗಳದಲ್ಲಿ ನಿಂತ. ಸೋಮಕ್ಕ ಹೊರಗೆ ಬಂದು ಕೈ ಮುಗಿದಳು.

“ನಿಜ ಹೇಳಿದ್ರಿ. ಮೈದುನರು ಇವತ್ತು ದೋಣಿ ಇಳಿಸಿದ್ರು. ಅದಕ್ಕೆ ಈ ಕೈ. ಆದ್ರೆ ಆಚಾರ್ರೇ, ಇನ್ನು ನಮ್ಮ ಅಂಗಳಕ್ಕೆ ಬರಬೇಡಿ. ನಿಮ್ಮನ್ನ ನೋಡಿದ್ರೆ ನಮ್ಮನೆಯವರು ಹಿಂದಿನಿಂದ ಬರ್ತಾ ಇದ್ದಾರೆ ಅಂತ ಅನಿಸ್ತದೆ.”

ಅವನು ಮತ್ತೆ ಹೋಗಲಿಲ್ಲ. ಹಡಗನ್ನೂ ಕಟ್ಟಲಿಲ್ಲ. ಬೇರೆ ಆಚಾರಿಗಳು ತಂದ ಮರವನ್ನು ಎರಡು ರೀತಿಯಲ್ಲೂ ಇಟ್ಟು, ಇಷ್ಟು ಹೇರಬಹುದು, ಇಷ್ಟು ಹೇರಬಾರದು ಎಂದು ಹೇಳಿಕೊಡುತ್ತ ದಿಬ್ಬದ ಮೇಲೆಯೇ ಮುದುಕನಾದ. ಆಮೇಲೆ ಕುಳಿಬೇಲೆಯ ಹಡಗು ಯಾವುದೂ ಬೆನ್ನು ಮುರಿದುಕೊಳ್ಳಲಿಲ್ಲ ಎನ್ನುತ್ತಾರೆ.

ಈಗಲೂ ಗಾಳಿಮರಗಳ ನಡುವಿನ ಕಾಲುದಾರಿ ಹತ್ತಿ ಹೋದವರಿಗೆ ಸಾಲಾಗಿ ನಿಂತ ಮೂರು ಕೆಂಗಲ್ಲಿನ ಕಟ್ಟೆಗಳು ಕಾಣುತ್ತವೆ. ತುದಿಯ ಎರಡು ಮರಳಲ್ಲಿ ಅರ್ಧ ಹೂತಿವೆ. ನಡುವಿನದರ ತಲೆ ಸವೆದು ನುಣುಪಾಗಿದೆ. ಮೀನು ಮಾರುವ ಹೆಂಗಸರು ದಣಿವಾರಿಸಿಕೊಳ್ಳಲು ಬುಟ್ಟಿ ಇಳಿಸುವುದು ಅದರ ಮೇಲೆ. ಅಳಿವೆಯಲ್ಲಿ ತೆರೆ ದೊಡ್ಡದಿರುವ ದಿನ ಅವರು ಬುಟ್ಟಿಯನ್ನು ಮತ್ತೆ ತಲೆಗೇರಿಸುವುದಿಲ್ಲ. ಹೋದ ದೋಣಿಗಳೆಲ್ಲ ಒಳಗೆ ಬರುವವರೆಗೂ ಅಲ್ಲೇ ನಿಂತಿರುತ್ತಾರೆ.