ಮಂಜಿನ ಹೊಳೆಯಲ್ಲಿ ಚೌರಮ್ಮ

ಕಾಲು ಒಳಗಿಟ್ಕೋ, ಹೊದ್ಕೋ. ನಡುವೆ ಬಾಯಿ ಹಾಕಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ ನೋಡು. ಒಂದಾನೊಂದು ಕಾಲ ಅಂತಾರಲ್ಲ ಪುಟ್ಟಾ, ಅದಕ್ಕೂ ಹಿಂದೆ, ಒಂದು ಹೊಳೆ ದಡದಲ್ಲಿ ಚೌರಮ್ಮ ಅಂತ ಒಬ್ಬಳು ಇದ್ದಳಂತೆ. ಗಂಡ ಇನ್ನಾಸಪ್ಪ ಹರಗೋಲು, ಅದೇ ಬುಟ್ಟಿ ದೋಣಿ, ನಡೆಸ್ತಿದ್ದೋನು ಅದೇ ಹೊಳೆ ಸುಳೀಲಿ ಹೋಗ್ಬಿಟ್ಟಿದ್ದನಂತೆ. ಆಮೇಲೆ ಇವಳೇ ಹುಟ್ಟು ಹಿಡಿದು ಜನಾನ ದಾಟಿಸ್ತಾ, ಮದಲೇನಿ ಅನ್ನೋ ಒಬ್ಬಳೇ ಮಗಳನ್ನ ಸಾಕ್ತಿದ್ದಳಂತೆ.

ಒಳ್ಳೆಯವಳೇ, ಆದ್ರೆ ಪುಕ್ಕಲಿ. ಭಾನುವಾರ ಪೂಜೆಗೆ ಹೋಗಿ, ಯೇಸಪ್ಪಾ ನೀನೇ ಗತಿ ಅಂತ ಮೊಣಕಾಲೂರಿ ಅಳೋಳು, ಮನೆಗೆ ಬಂದು ಮಗಳ ಕೊರಳಿಗೆ ಯಾರೋ ಕೊಟ್ಟ ತಾಯತ ಕಟ್ಟೋಳು, ದೆವ್ವ ಹತ್ರ ಬರದೇ ಇರಲಿ ಅಂತ ತಲೆದಿಂಬಿನ ಅಡಿ ಕುಡುಗೋಲು ಇಡೋಳು. ಮಗಳನ್ನ ಯೇಸಪ್ಪನ ಕೈಗೆ ಕೊಡೋದು, ಮತ್ತೆ ಕಿತ್ಕೊಳ್ಳೋದು. ದೇವರಿಗೂ ಬೇಜಾರಾಗಲ್ವೇ!

ಹೀಗಿರೋವಾಗ ಮದಲೇನಿಗೆ ಜ್ವರ ಬಂತಂತೆ, ಮೈ ಕಾದ ಹೆಂಚು. ಮದ್ದು ಕೊಡೋ ಸಿಸ್ಟ್ರಮ್ಮ ಇರೋದು ಆಚೆ ದಡದಲ್ಲಿ. ಬೆಳಗಿನ ಮಂಜು ಎಷ್ಟಿತ್ತು ಅಂದ್ರೆ ಕೈ ಚಾಚಿದ್ರೆ ಬೆರಳು ಕಾಣ್ತಿರಲಿಲ್ವಂತೆ. ಮಂಜು ಕರಗಲಿ ಅಂತ ಕಾದ್ರೆ ಮಗು ಉಳಿಯಲ್ಲ. ಅದಕ್ಕೇ ಮಗಳನ್ನ ಕಂಬಳೀಲಿ ಸುತ್ತಿ ಮಡಿಲಿಗೆ ಹಾಕ್ಕೊಂಡು, ಯೇಸಪ್ಪಾ ಇವಳನ್ನ ನಿನ್ನ ಕೈಗೆ ಕೊಟ್ಟೆ ಅಂತ ಶಿಲುಬೆ ಗುರುತು ಹಾಕ್ಕೊಂಡು, ಹರಗೋಲು ಬಿಟ್ಟಳಂತೆ. ಪಕ್ಕದಲ್ಲಿ ಕುಡುಗೋಲೂ ಇಟ್ಕೊಂಡಳು, ನೋಡಿದ್ಯಾ!

ನಡುಹೊಳೆಗೆ ಬಂದಾಗ ಎಡಗಡೆ ಮಂಜಿನೊಳಗಿಂದ, ಚೌರೀ, ದಡ ಈ ಕಡೆ ಕಣೇ, ತಿರುಗಿಸೇ ಅಂತ ಅವಳ ಅವ್ವನ ದನಿ ಕೇಳಿಸ್ತಂತೆ. ಅವ್ವ ಸತ್ತು ಮಣ್ಣಾಗಿ ಯಾವ ಕಾಲವಾಯ್ತೋ! ಚೌರಮ್ಮ ಕುಡುಗೋಲಿಗೆ ಕೈ ಹಾಕಿದ್ರೆ, ಅದು ಜಾರಿ ಬುಳುಕ್ ಅಂತ ನೀರಿಗೆ ಬಿತ್ತಂತೆ. ಆಮೇಲೆ ಬಲಗಡೆಯಿಂದ ಇನ್ನಾಸಪ್ಪನ ದನಿ, ಲೇ ಚೌರೀ, ಚಳಿ ಕಣೇ, ಕೈ ಕೊಡೇ ಅಂತ. ಮಗಳ ತಾಯತ ಮುಟ್ಟಿದ್ರೆ, ದಾರ ಕೊಳೆತ ಹಾಗೆ ಬೆರಳಲ್ಲೇ ಕಿತ್ತು ಬಂತಂತೆ.

ಆಮೇಲೆ ಎಲ್ಲಾ ಸುಮ್ಮನಾಯ್ತಂತೆ, ನೀರಿನ ಸದ್ದೂ ಇಲ್ಲ. ಆಗ ಹರಗೋಲಿನ ಪಕ್ಕದಲ್ಲೇ, ನೀರೊಳಗಿಂದ, ಅವ್ವಾ ನಾನು ಮದಲೇನಿ, ಬಿದ್ಬಿಟ್ಟೆ ಅವ್ವಾ, ನಿನ್ನ ಮಡಿಲಲ್ಲಿರೋದು ನಾನಲ್ಲ ಅಂತ ಒಂದು ದನಿ ಬಂತಂತೆ. ಅದೇ ದನಿ, ಅದೇ ತೊದಲು! ಮಡಿಲಲ್ಲಿರೋದು ಮಿಸುಕ್ತಾ ಇಲ್ಲ, ತಣ್ಣಗಾಗ್ತಾ ಇದೆ. ಬಗ್ಗಿ ನೋಡೋಣ ಅಂದ್ರೆ, ಒಂದೇ ಕಡೆ ಭಾರ ಬಿದ್ರೆ ಹರಗೋಲು ಮಗುಚ್ಕೊಳ್ಳತ್ತೆ.

ಹುಟ್ಟು ಕೆಳಗಿಟ್ಟು, ಎರಡೂ ಕೈಲಿ ಕಂಬಳಿ ಅಪ್ಕೊಂಡು, ಯೇಸಪ್ಪಾ, ಕೊಟ್ಟಿದ್ದು ಕೊಟ್ಟೆ, ಬಿಚ್ಚಿ ನೋಡಲ್ಲ, ಉಳಿಸಿದ್ರೂ ನಿನ್ನವಳು, ಕರ್ಕೊಂಡ್ರೂ ನಿನ್ನವಳು ಅಂದುಬಿಟ್ಟಳಂತೆ. ಹುಟ್ಟು ಬಿಟ್ರೆ ಹರಗೋಲು ಗಿರಗಿರ ಸುತ್ತತ್ತೆ, ಇದೂ ಸುತ್ತಿತಂತೆ. ಆ ದನಿ ಅವ್ವಾ ಅವ್ವಾ ಅಂತ ನೀರಲ್ಲಿ ಸುತ್ತಲೂ ಓಡಾಡ್ತಂತೆ. ಇವಳು ಕಣ್ಮುಚ್ಚಿ ಕೂತೇ ಇದ್ದಳಂತೆ.

ಎಷ್ಟು ಹೊತ್ತಾಯ್ತೋ, ಸರ್ರ್ ಅಂತ ಹರಗೋಲಿನ ಅಡಿಗೆ ಆಚೆ ದಡದ ಮರಳು ತಾಕ್ತಂತೆ. ಮಡಿಲಿನಿಂದ, ಅವ್ವಾ, ಹಸಿವು ಅಂತ ದನಿ ಬಂತಂತೆ. ಬಿಚ್ಚಿದ್ರೆ ಜ್ವರ ಬಿಟ್ಟು ಮೈಯೆಲ್ಲ ಬೆವರು! ಚೌರಮ್ಮ ಅಳ್ತಾ ಅಳ್ತಾ ನಕ್ಕಳಂತೆ. ಸಿಸ್ಟ್ರಮ್ಮ ಗಂಜಿ ಕೊಟ್ರೆ ಮದಲೇನಿ ಬಟ್ಟಲು ನೆಕ್ಕಿ ಕುಡಿದಳಂತೆ. ಆಮೇಲೆ ತಾಯಿ ಮಗಳು ತುಂಬಾ ಕಾಲ ಚೆನ್ನಾಗಿ ಬಾಳಿದ್ರಂತೆ.

ಅಷ್ಟೇ ಪುಟ್ಟಾ, ಕತೆ ಮುಗಿದೇ ಹೋಯ್ತು. ಏನು? ನೀರಲ್ಲಿ ಕರೆದದ್ದು ಯಾರು ಅಂತೀಯಾ? ಚೌರಮ್ಮನೇ ತಿರುಗಿ ನೋಡಲಿಲ್ವಂತೆ, ನನಗೆ ಹೇಗೆ ಗೊತ್ತಾಗಬೇಕು? ಮಲಗು.