ಹೊಳೆಯ ಕೊನೆಯ ಮೆಟ್ಟಿಲು

ಪಂಚಾಕ್ಷರಿ ಕಾನೂನು ಓದಿ, ಆಮೇಲೆ ವೈರಾಗ್ಯ ಹುಟ್ಟಿ ಆಶ್ರಮ ಸೇರಿದವನು. ವೈರಾಗ್ಯ ಬಂತು ಸರಿ, ಕಾನೂನು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಬಾಯಿ ತೆರೆದರೆ ವಾದಿ, ಪ್ರತಿವಾದಿ, ಪಾಟೀಸವಾಲು.

ಪೂಜೆಯ ಬೆಳ್ಳಿ ಗಿಂಡಿ ಕಾಣೆಯಾದಾಗ ಗುರುಗಳು ಅವನನ್ನೇ ಕರೆದರು.

"ಅಡುಗೆಮನೆಯ ದೊಡ್ಡತಾಯಮ್ಮನ ಮೇಲೆ ದೂರು ಬಂದಿದೆ. ಆರೋಪಿ ಅಂದರೆ ಯಾರು, ಮರಿ?"

"ಯಾರ ಮೇಲೆ ದೂರಿದೆಯೋ ಅವರು, ಬುದ್ಧಿ."

"ಅಪರಾಧಿ?"

"ಯಾರ ದೋಷ ಸಾಬೀತಾಗಿದೆಯೋ ಅವರು."

"ಎರಡರ ನಡುವೆ?"

"ವಿಚಾರಣೆ."

"ಬಲ್ಲೆಯಲ್ಲ, ಈ ಸಲ ನೀನೇ ಮಾಡು."

ಆಶ್ರಮದ ವಿಚಾರಣೆ ನಡೆಯುತ್ತಿದ್ದುದು ಹೊಳೆಯ ಮೆಟ್ಟಿಲ ಮೇಲೆ. ಆರೋಪ ಹೊತ್ತವರು ಕೊನೆಯ ಮೆಟ್ಟಿಲಲ್ಲಿ, ನೀರಿಗೆ ಕಾಲು ತಾಗಿಸಿ ನಿಲ್ಲಬೇಕು. ಹೊಳೆಯನ್ನು ಮುಟ್ಟಿಕೊಂಡು ಸುಳ್ಳಾಡುವುದಿಲ್ಲ ಅಂತ. ಗುರುಗಳು ಅವರ ಪಕ್ಕದಲ್ಲೇ ಬಟ್ಟೆ ನೆನೆಸಿಕೊಂಡು ಕೂರುತ್ತಿದ್ದರು. ಪಂಚಾಕ್ಷರಿಗೆ ಅದು ಯಾವತ್ತೂ ಸರಿಕಂಡಿರಲಿಲ್ಲ. ನ್ಯಾಯ ಹೇಳುವವರಿಗೆ ಒಂದು ಪೀಠ, ಒಂದು ಗಾಂಭೀರ್ಯ ಬೇಡವೇ? ಅವನು ಮೇಲಿನ ಮಂಟಪದಲ್ಲಿ ಮಣೆ ಹಾಕಿಸಿಕೊಂಡು ಕೂತ.

ಹೂತೋಟದ ಮಾದಪ್ಪ ಸಾಕ್ಷಿ ಹೇಳಲು ಮಂಟಪದ ಹತ್ತಿರ ಬಂದು ನಿಂತ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು," ಎಂದ ಪಂಚಾಕ್ಷರಿ. "ಆರೋಪಿಯ ಕೈಯಲ್ಲಿ ಗಿಂಡಿ ನೋಡಿದೆಯಾ?"

"ನೋಡಿದೆ ಸ್ವಾಮಿ. ಸೋಮವಾರ ಬೆಳಿಗ್ಗೆ. ಸೆರಗಲ್ಲಿ ಸುತ್ತಿಕೊಂಡಿದ್ದಳು."

"ಇದಕ್ಕೆ ಏನು ಹೇಳುತ್ತೀರಿ?" ಪಂಚಾಕ್ಷರಿ ಕೂತಲ್ಲಿಂದಲೇ ಕೆಳಗೆ ನೋಡಿ ಕೇಳಿದ.

ಕೊನೆಯ ಮೆಟ್ಟಿಲಲ್ಲಿ ನಿಂತಿದ್ದ ದೊಡ್ಡತಾಯಮ್ಮ ಸುಮ್ಮನೆ ಕೈಮುಗಿದಳು.

ತಪ್ಪೊಪ್ಪಿಕೊಂಡ ಹಾಗಾಯಿತು. ಸಂಜೆಯೊಳಗೆ ಆಶ್ರಮ ಬಿಡಬೇಕು ಅಂತ ತೀರ್ಪು ಹೇಳಿ ಎದ್ದ. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು, ಆಶ್ರಮದ ಒಲೆಯ ಮುಂದೆಯೇ ತಲೆ ನರೆತವಳು. ಆದರೇನು, ನ್ಯಾಯ ನ್ಯಾಯವೇ ಅಂದುಕೊಂಡ.

ಗುರುಗಳು ಮಂಟಪಕ್ಕೆ ಬಂದರು.

"ಹೋಗಿ ಕೊನೆಯ ಮೆಟ್ಟಿಲಲ್ಲಿ ನಿಲ್ಲು."

ಪಂಚಾಕ್ಷರಿ ಇಳಿದು ಹೋಗಿ ನಿಂತ. ಪಕ್ಕದ ಒಡ್ಡಿನಿಂದ ನೀರು ಭೋರೆಂದು ಬೀಳುತ್ತಿತ್ತು. ಮೇಲೆ ಗುರುಗಳ ತುಟಿ ಅಲ್ಲಾಡುವುದು ಕಂಡಿತು, ಒಂದಕ್ಷರವೂ ಕೇಳಿಸಲಿಲ್ಲ. ಅವರು ಏನೋ ಪ್ರಶ್ನೆ ಹಾಕಿ ಉತ್ತರಕ್ಕೆ ಕಾಯುತ್ತಿರುವಂತಿತ್ತು. ಏನು ಮಾಡಬೇಕೋ ತೋಚದೆ ಪಂಚಾಕ್ಷರಿ ಕೈಮುಗಿದ.

ಮುಗಿದ ಕೈಯನ್ನು ತಾನೇ ನೋಡಿಕೊಂಡ. ಅಯ್ಯೋ ಶಿವನೇ, ಎಂಥ ಕೆಲಸ ಮಾಡಿಬಿಟ್ಟೆ!

ಅಡುಗೆಮನೆಗೆ ಓಡಿದ. ದೊಡ್ಡತಾಯಮ್ಮ ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು.

"ಕೇಳಿಸಲಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇ ತಾಯಿ?"

"ತಿಳಿದವರು ಮಾತಾಡ್ತಿದ್ರಿ ಸ್ವಾಮಿ, ಮಧ್ಯೆ ನಾನೇನು ಬಾಯಿ ಹಾಕೋದು ಅಂತ ಸುಮ್ನಿದ್ದೆ. ಹೊರಡಬೇಕಂತೆ ಅಂತ ಆಮೇಲೆ ಮಾದಪ್ಪಣ್ಣ ಹೇಳ್ದ."

ಮತ್ತೆ ವಿಚಾರಣೆ ನಡೆಯಿತು. ಈ ಸಲ ಪಂಚಾಕ್ಷರಿ ಆಕೆಯ ಪಕ್ಕದ ಒದ್ದೆ ಕಲ್ಲಿನ ಮೇಲೆ ಕೂತ. ಮಾದಪ್ಪನನ್ನೂ ಕೆಳಗೇ ಕರೆಸಿದ. ಮಾದಪ್ಪ ಮೊದಲು ಹೇಳಿದ್ದನ್ನೇ ಹೇಳಿದ.

"ಸಾಕ್ಷಿಯನ್ನ ಏನಾದರೂ ಕೇಳೋದಿದೆಯಾ ತಾಯಿ?"

ದೊಡ್ಡತಾಯಮ್ಮ ಗಂಟಲು ಸರಿಮಾಡಿಕೊಂಡಳು. "ಮಾದಪ್ಪಣ್ಣ, ಆವಾಗ ನಾನು ಎಲ್ಲಿಂದ ಎಲ್ಲಿಗೆ ಹೋಗ್ತಿದ್ದೆ?"

"ಹೊಳೆಯಿಂದ ಪೂಜೆಮನೆಗೆ. ವಿಭೂತಿ ಹಾಕಿ ಬೆಳಗಿಕೊಂಡು ಬಂದಿದ್ದೆಯಲ್ಲ. ಒಳಗಿಟ್ಟು ಬರಿಗೈಲಿ ಆಚೆ ಬಂದದ್ದೂ ನೋಡಿದೆ."

"ಇದನ್ನು ಮೊದಲೇ ಬೊಗಳೋಕೆ ಏನಾಗಿತ್ತೋ ನಿನಗೆ?" ಪಂಚಾಕ್ಷರಿ ಸಿಡಿದ.

"ಕೇಳಿದ್ದಕ್ಕಷ್ಟೇ ಉತ್ತರ ಕೊಡು ಅಂತ ನೀವೇ ಅಂದ್ರಲ್ಲ ಸ್ವಾಮಿ."

ಪಂಚಾಕ್ಷರಿ ತಲೆ ತಗ್ಗಿಸಿ, ದೊಡ್ಡತಾಯಮ್ಮ ನಿರ್ದೋಷಿ ಎಂದು ತೀರ್ಪು ಹೇಳಿದ. ಆಕೆ ಕಣ್ಣೊರೆಸಿಕೊಂಡು ಒಲೆ ಹಚ್ಚಲು ಹೋದಳು. ಗಿಂಡಿ ಮಾತ್ರ ಆಮೇಲೂ ಸಿಗಲಿಲ್ಲ.

ಮೆಟ್ಟಿಲು ಹತ್ತುವಾಗ ಪಂಚಾಕ್ಷರಿ ಗುರುಗಳ ಹತ್ತಿರ ನಿಂತ. ಅವನೊಳಗಿನ ವಕೀಲ ಇನ್ನೂ ತೆಪ್ಪಗಾಗಿರಲಿಲ್ಲ.

"ಬುದ್ಧಿ, ಆಕೆ ನಿಜವಾಗಿಯೂ ಕದ್ದಿದ್ದರೆ? ಮೇಲೆ ಕೂತು ನಾನು ಕೊಟ್ಟ ತೀರ್ಪೇ ಸರಿಯಾಗುತ್ತಿತ್ತಲ್ಲವೇ?"

ಗುರುಗಳು ಬಗ್ಗಿ, ನೀರು ತೊಟ್ಟಿಕ್ಕುತ್ತಿದ್ದ ಅವನ ಪಂಚೆಯ ಅಂಚು ಹಿಂಡಿದರು.

"ಕದ್ದವಳಿಗೂ ಕೇಳಿಸಬೇಕಲ್ಲ, ಮರಿ."