ಮೂರು ಕುಸ್ತಿಯ ಶಿಕ್ಷೆ

"ಎಷ್ಟು ಪಂದ್ಯ ಹೊರಗಿಟ್ಟರೆ ನ್ಯಾಯ ಆಯ್ತದೆ, ಬುದ್ಧಿ?"

ಕೇಳಿದವನು ನಿಂಗರಾಜು. ಕಬಡ್ಡಿ ತಂಡವೊಂದರ ಮ್ಯಾನೇಜರ್, ಮಠದ ಅಯ್ಯನವರ ಹಳೆಯ ಶಿಷ್ಯ. ಅವನ ತಂಡದ ಹೆಸರಾಂತ ಆಟಗಾರನೊಬ್ಬ ಹೆಂಡತಿಯನ್ನು ಹೊಡೆದಿದ್ದ. ಸುದ್ದಿ ಪತ್ರಿಕೆಗೆ ಬಂದಿತ್ತು. ತೀರ್ಮಾನ ಆಗುವವರೆಗೆ ಶಿಬಿರದ ಕಡೆ ತಲೆ ಹಾಕಬೇಡ ಎಂದು ಆಟಗಾರನಿಗೆ ಹೇಳಿ ನಾಲ್ಕು ದಿನವಾಗಿತ್ತು. ಲೀಗಿನ ಸಭೆಯಲ್ಲಿ ಕೆಲವರು ಎರಡು ಪಂದ್ಯ ಎನ್ನುತ್ತಿದ್ದರು, ಕೆಲವರು ಆರು ಎನ್ನುತ್ತಿದ್ದರು. ಯಾವುದಕ್ಕೆ ಕೈ ಎತ್ತಬೇಕೆಂದು ತಿಳಿಯದೆ ನಿಂಗರಾಜು ಗುರುಗಳ ಹತ್ತಿರ ಬಂದಿದ್ದ. ತಪ್ಪು ಮಾಡಬಾರದೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಕಪ್ ಕೈತಪ್ಪಬಾರದೆಂಬ ಆಸೆಯೂ ಅಷ್ಟೇ ನಿಜವಾಗಿತ್ತು.

ಅಯ್ಯನವರು ಅವರೆಕಾಯಿ ಸುಲಿಯುತ್ತಿದ್ದರು. ಎರಡು ಹಿಡಿ ಕಾಯಿಯನ್ನು ಶಿಷ್ಯನ ಮುಂದೆಯೂ ಸುರಿದರು. ಸುಲಿಯುತ್ತಲೇ ಕೇಳು ಎಂದು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಐದು ಗರಡಿಗಳಿದ್ದವು. ಐದು ಗರಡಿಗೂ ಒಬ್ಬೊಬ್ಬ ಉಸ್ತಾದ. ಐವರೂ ಸೇರಿ ಒಂದು ಕೂಟ ಕಟ್ಟಿಕೊಂಡಿದ್ದರು. ವರ್ಷದ ಕುಸ್ತಿಗಳನ್ನೆಲ್ಲ ಗೊತ್ತುಮಾಡುವುದು ಆ ಕೂಟವೇ. ಕಟ್ಟುನಿಟ್ಟಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಉಗುರು ಕತ್ತರಿಸದೆ ಬಂದವನಿಗೆ ಅಂದು ಅಖಾಡವಿಲ್ಲ. ಬೇಕೆಂದೇ ಎದುರಾಳಿಯ ಬೆರಳು ಮುರಿದವನಿಗೆ ಒಂದು ವರ್ಷ ಅಖಾಡವಿಲ್ಲ. ಜೋಡಿ ಕಟ್ಟುವ ದಿನ ಇಬ್ಬರು ಪೈಲ್ವಾನರನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ನೋಡಿ, ತೋಳು ಮುಟ್ಟಿ ನೋಡಿ, ಒಬ್ಬ ತೂಕದಲ್ಲಿ ತುಸು ಇಳಿದಿದ್ದರೂ ಈ ಕುಸ್ತಿ ಆಗದು ಎಂದು ಕಳಿಸಿಬಿಡುತ್ತಿದ್ದರು. ಸೋತರೆ ಸೋಲಲಿ, ಅನ್ಯಾಯವಾಗಿ ಯಾರೂ ಪೆಟ್ಟು ತಿನ್ನಬಾರದು ಎಂಬುದು ಅವರ ಹೆಮ್ಮೆ. ಅದೇನೂ ಸುಳ್ಳು ಹೆಮ್ಮೆಯಲ್ಲ.

ಆ ಐವರಲ್ಲಿ ಹಿರಿಯ ಉಸ್ತಾದನ ಬಳಿ ಒಬ್ಬ ಪೈಲ್ವಾನನಿದ್ದ. ಐದು ವರ್ಷದಿಂದ ಅವನ ಬೆನ್ನಿಗೆ ಯಾರೂ ಮಣ್ಣು ತಾಗಿಸಿರಲಿಲ್ಲ. ಉಸ್ತಾದ ಅವನನ್ನು ಮಗನಂತೆ ಸಾಕಿ ತಿದ್ದಿದ್ದ. ಅವನು ಗೆದ್ದ ದಿನ ತಾನೇ ಗೆದ್ದವನಂತೆ ಬೀದಿಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದ.

ಪೈಲ್ವಾನನ ಹೆಂಡತಿ ಎರಡು ಎಮ್ಮೆ ಸಾಕಿದ್ದಳು. ಗರಡಿಗೆ ಹಾಲು ಅವಳದೇ. ಅವಳ ಹೆಸರು ಸಣ್ಣತಾಯಿ. ಕತೆಯಲ್ಲಿ ಉಳಿದವರ ಹೆಸರುಗಳೆಲ್ಲ ಗರಡಿಯ ಗೋಡೆಯ ಪಟಗಳ ಕೆಳಗೆ ಬರೆದಿವೆ, ಹೇಳಬೇಕಾದ್ದಿಲ್ಲ. ದಿನಾ ಬೆಳಗ್ಗೆ ಅವಳು ಬಾಗಿಲಿನ ಆಚೆ ತಂಬಿಗೆ ಇಟ್ಟು ಹೋಗುತ್ತಿದ್ದಳು. ಹಾಲು ಗಟ್ಟಿಯಾಗಿದೆಯೋ ಇಲ್ಲವೋ ಎಂದು ಎಲ್ಲರೂ ತಂಬಿಗೆಯೊಳಗೆ ಬಗ್ಗಿ ನೋಡುತ್ತಿದ್ದರು. ತಂದವಳ ಮುಖ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಒಂದು ಬೆಳಗ್ಗೆ ಅವಳು ತಂಬಿಗೆ ಇಟ್ಟವಳು ಹೋಗಲಿಲ್ಲ. ಗರಡಿಯೊಳಗೆ ಹೆಂಗಸರು ಕಾಲಿಡುವ ವಾಡಿಕೆಯಿಲ್ಲ. ಆಚೆಯೇ ನಿಂತು, ಉಸ್ತಾದನನ್ನು ಕರೆಸಿ, ತಲೆಯ ಮೇಲಿನ ಸೆರಗು ಸರಿಸಿದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

"ನಿಮ್ಮ ಪೈಲ್ವಾನ ಹೊಡೆದದ್ದು. ಇದು ಮೂರನೇ ಸಲ. ನನ್ನ ಮಾತು ಅವನ ಕಿವಿಗೆ ಬೀಳಲ್ಲ. ನೀವು ಹೇಳಿದ್ರೆ ನಿಲ್ಲಿಸ್ತಾನೇನೋ ಅಂತ ಬಂದೆ ಉಸ್ತಾದ್ರೇ," ಎಂದಳು.

ಉಸ್ತಾದನಿಗೆ ಮೊದಲು ನೆನಪಾದದ್ದು ವರ್ಷದ ದೊಡ್ಡ ಕುಸ್ತಿಯಾದ ದಸರೆಯ ಕುಸ್ತಿ. ನಾಚಿಕೆಯಾದದ್ದು ಆಮೇಲೆ. ಆ ನಾಚಿಕೆಯಲ್ಲೇ ಕೂಟ ಕರೆದ.

ಕೂಟದ ಹಿರಿಯರು ತಮಗೆ ಗೊತ್ತಿದ್ದ ರೀತಿಯಲ್ಲೇ ವಿಚಾರ ಮಾಡಿದರು. ತಪ್ಪು ನಡೆದದ್ದು ಅಖಾಡದೊಳಗೋ ಹೊರಗೋ ಎಂದು ಒಬ್ಬ ಕೇಳಿದ. ಹೊರಗೆ ಎಂದಾಗ, ಹಾಗಾದರೆ ನಮ್ಮ ಕಟ್ಟಳೆ ಇದಕ್ಕೆ ತಾಗುವುದಿಲ್ಲ ಎಂದ. ನೋಡಿದವರು ಯಾರು ಎಂದು ಇನ್ನೊಬ್ಬ ಕೇಳಿದ. ಅವಳ ಕಣ್ಣನ್ನು ನಾನೇ ನೋಡಿದ್ದೇನೆ ಎಂದು ಉಸ್ತಾದ ಹೇಳಿದ ಮೇಲೆ ಎಲ್ಲರೂ ಲೆಕ್ಕಕ್ಕೆ ಇಳಿದರು. ಬೆರಳು ಮುರಿದರೆ ಒಂದು ವರ್ಷ, ಇದಕ್ಕೆ ಮೂರು ಕುಸ್ತಿ ಇರಲಿ, ಮೂರೂ ಮುಗಿಯುವವರೆಗೆ ಗರಡಿಗೆ ಕಾಲಿಡುವುದು ಬೇಡ ಎಂದಾಯಿತು. ಆ ಮೂರೂ ದಸರೆಗೆ ಮುಂಚಿನ ಸಣ್ಣ ಕುಸ್ತಿಗಳು. ಸಣ್ಣತಾಯಿಗೆ ಒಂದು ಸೀರೆ ಕಳಿಸಿದರು. ಕೂಟದ ಮಾನವೂ ಉಳಿಯಿತು, ದಸರೆಯ ಕುಸ್ತಿಯೂ ಉಳಿಯಿತು. ಉಸ್ತಾದ ಅಂದು ಎಂದಿಗಿಂತ ಒಂದು ಮುದ್ದೆ ಹೆಚ್ಚಿಗೆ ಉಂಡ.

ಪೈಲ್ವಾನ ಹುಟ್ಟಿದ ಮೇಲೆ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತವನಲ್ಲ. ಬೆಳಗ್ಗೆ ಸಾಮು, ಮಧ್ಯಾಹ್ನ ಮೈಗೆ ಎಣ್ಣೆ, ಸಂಜೆ ಮತ್ತೆ ಅಖಾಡ. ಈಗ ಗರಡಿ ಇಲ್ಲ. ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೆ ಜಗಲಿಯ ಮೇಲೆ ಬಿದ್ದಿರುತ್ತಿದ್ದ. ತನಗೆ ಮೂರು ಕುಸ್ತಿ ತಪ್ಪಿಸಿದವಳು ಹುಲ್ಲಿನ ಹೊರೆ ಹೊತ್ತು ಅವನ ಕಣ್ಣ ಮುಂದೆಯೇ ಓಡಾಡುತ್ತಿದ್ದಳು.

ಎರಡನೇ ಕುಸ್ತಿಯ ಮಧ್ಯಾಹ್ನ ಉಸ್ತಾದ ಪೈಲ್ವಾನನ ಮನೆಗೆ ಹೋದ. ಹೋದದ್ದು ಸಣ್ಣತಾಯಿಯನ್ನು ವಿಚಾರಿಸಲು ಅಲ್ಲ. ಪೈಲ್ವಾನನ ಮೈ ಇಳಿದಿದೆಯೇನೋ ಎಂದು ನೋಡಲು. ಪೈಲ್ವಾನ ಕೆರೆಗೆ ಈಜಲು ಹೋಗಿದ್ದ. ಸಣ್ಣತಾಯಿ ಕೊಟ್ಟಿಗೆಯಲ್ಲಿದ್ದಳು. ಎಡಗೈ ಒಂದರಲ್ಲೇ ಹಾಲು ಕರೆಯುತ್ತಿದ್ದಳು. ಬಲಗೈಗೆ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿತ್ತು. ಮೂಳೆ ಮುರಿದಿದೆ ಎಂದು ಯಾರೂ ಉಸ್ತಾದನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಅಂಥ ಕಟ್ಟು ಅವನೇ ನೂರು ಕಟ್ಟಿದ್ದ.

ಅವನು ಎಮ್ಮೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಮೊದಲ ದಿನವೇ ಕೇಳಬೇಕಾಗಿದ್ದುದನ್ನು ಅಂದು ಕೇಳಿದ.

"ನಿಂಗೇನಾಗಬೇಕವ್ವ?"

"ಅವನ ಆಟ ನಿಲ್ಲಿಸಿ ಅಂತ ನಾನು ಕೇಳಲಿಲ್ಲ ಉಸ್ತಾದ್ರೇ, ಕೈ ನಿಲ್ಲಿಸಿ ಅಂದೆ. ನೀವು ಅವನನ್ನ ಗರಡಿಯಿಂದ ಆಚೆಗೆ ಹಾಕಿದ್ರಿ. ನಿಮಗೆ ಆಚೆ ಅಂದ್ರೆ ನನ್ನ ಮನೆ," ಎಂದಳು ಸಣ್ಣತಾಯಿ. ಅವನು ಒಂದು ಕಡೆ, ತಾನು ಒಂದು ಕಡೆ ಇರಬೇಕು, ನಡುವಿನ ಬಾಗಿಲಿನ ಚಿಲಕ ತನ್ನ ಕಡೆಗಿರಬೇಕು, ಅಷ್ಟೇ ಸಾಕು ಎಂದಳು.

ಉಸ್ತಾದ ಅಲ್ಲಿಂದ ನೆಟ್ಟಗೆ ಕೂಟಕ್ಕೆ ನಡೆದ. ಕುಸ್ತಿ ಮುಗಿಸಿ ಹಿರಿಯರೆಲ್ಲ ಮಜ್ಜಿಗೆ ಕುಡಿಯುತ್ತಾ ಕೂತಿದ್ದರು. ತುಸು ತೂಕ ಕಡಿಮೆಯಿದ್ದರೆ ಕುಸ್ತಿಗೇ ಬಿಡದ ನಾವು, ಅವಳನ್ನು ಅವನ ಜೊತೆ ಒಂದೇ ಬಾಗಿಲೊಳಗೆ ಬಿಟ್ಟು ಬಂದಿದ್ದೇವೆ ಎಂದ. ಇನ್ನು ಕುಸ್ತಿಯ ಲೆಕ್ಕ ಬೇಡ, ಅವನ ವಾಸ ನನ್ನ ಗರಡಿಯಲ್ಲೇ ಆಗಲಿ, ದಸರೆಗೆ ಅವನು ನಮ್ಮ ಪರವಾಗಿ ಅಖಾಡಕ್ಕೆ ಇಳಿಯುವುದಿಲ್ಲ ಎಂದ. ಒಬ್ಬಿಬ್ಬರು ಗೊಣಗಿದರು. ಆದರೆ ತೂಕದ ಮಾತು ಅವರಿಗೆ ತಿಳಿಯುವ ಮಾತು. ಒಬ್ಬೊಬ್ಬರಾಗಿ ಮಜ್ಜಿಗೆ ಕೆಳಗಿಟ್ಟು ಅವನ ಹಿಂದೆ ಎದ್ದರು.

ಹೊತ್ತು ಮುಳುಗುವ ಮೊದಲೇ ಪೈಲ್ವಾನನ ಪೆಟ್ಟಿಗೆ, ಚಾಪೆ ಗರಡಿಗೆ ಬಂದವು. ಅವನು ಕೆರೆಯಿಂದ ಬಂದು ಕೂಗಾಡಿದ. ಅವನನ್ನು ಹಿಡಿದು ನಿಲ್ಲಿಸಲು ಊರಿನಲ್ಲಿ ಗಂಡಸರಿಲ್ಲ ಎಂದು ಅದುವರೆಗೆ ಎಲ್ಲರೂ ತಿಳಿದಿದ್ದರು. ಐದು ಗರಡಿಯವರು ಒಟ್ಟಿಗೆ ಬಂದಾಗ ಅದೇನೂ ಅಷ್ಟು ಕಷ್ಟವಾಗಲಿಲ್ಲ. ಸಣ್ಣತಾಯಿಯ ತಾಯಿ ಬಂದು ಮಗಳ ಜೊತೆ ನಿಂತಳು. ಅಮಲ್ದಾರರಿಗೆ ದೂರು ಕೊಡುವುದಾದರೆ ಸಾಕ್ಷಿ ಹೇಳಲು ನಾನು ಬರುತ್ತೇನೆ ಎಂದು ಉಸ್ತಾದ ಹೇಳಿದ. ಅವಳು ಕೊಟ್ಟಳು, ಅವನು ಹೋದ. ಪೈಲ್ವಾನ ಅವಳ ಬೀದಿಗೆ ಕಾಲಿಡಕೂಡದೆಂದು ಅಮಲ್ದಾರರ ಅಪ್ಪಣೆಯಾಯಿತು.

ದಸರೆಯಲ್ಲಿ ಉಸ್ತಾದನ ಗರಡಿ ಸೋತಿತು. ಸೋತದ್ದೂ ಎಂಥ ಸೋಲು, ಜನ ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಮುಗಿದಿತ್ತು. ಊರವರು ಎರಡು ತಿಂಗಳು ಉಸ್ತಾದನನ್ನು ಆಡಿಕೊಂಡರು. ಅವನು ಕೇಳಿಸಿಕೊಂಡು ನಗುತ್ತಿದ್ದ. ಪೈಲ್ವಾನ ಗರಡಿಯಲ್ಲೇ ಮಲಗುತ್ತಿದ್ದ, ಅಖಾಡದ ಮಣ್ಣು ಅಗೆದು ಹದ ಮಾಡುತ್ತಿದ್ದ, ಯಾರ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಕೈ ಕೂಡಿದ ಮೇಲೆ ಸಣ್ಣತಾಯಿ ಮೂರನೇ ಎಮ್ಮೆ ಕಟ್ಟಿದಳು. ಬೆಳಗ್ಗೆ ಅವಳು ಬಂದಾಗ ಉಸ್ತಾದ ತಾನೇ ಬಾಗಿಲಿಗೆ ಎದ್ದು ಬರುತ್ತಿದ್ದ. ಮೊದಲು ಅವಳ ಮುಖ ನೋಡುತ್ತಿದ್ದ, ಆಮೇಲೆ ಹಾಲು. ಎರಡೂ ಚೆನ್ನಾಗಿದ್ದವು. ಗೆದ್ದ ವರ್ಷಗಳಲ್ಲೂ ಅವನಿಗೆ ಅಂಥ ನೆಮ್ಮದಿ ಸಿಕ್ಕಿರಲಿಲ್ಲ.

ಅಯ್ಯನವರು ಕತೆ ನಿಲ್ಲಿಸಿದರು. ನಿಂಗರಾಜು ಕೈಯಲ್ಲಿದ್ದ ಅವರೆಕಾಯಿಯನ್ನು ಹಾಗೇ ಹಿಡಿದುಕೊಂಡು ಕೂತಿದ್ದ. ಅವನಿಗೆ ಬೇಕಾಗಿದ್ದ ಉತ್ತರ ಇನ್ನೂ ಬಂದಂತಿರಲಿಲ್ಲ.

"ಹಂಗಾದ್ರೆ ಆ ಪೈಲ್ವಾನನ್ನ ಕೊನೆಗೆ ಎಷ್ಟು ಕುಸ್ತಿ ಹೊರಗಿಟ್ಟರು, ಬುದ್ಧಿ?"

ಅಯ್ಯನವರು ಶಿಷ್ಯನ ಮುಖ ನೋಡಿದರು.

"ಶಿಬಿರಕ್ಕೆ ಬರಬೇಡ ಅಂದಿರಲ್ಲ ನಿಂಗರಾಜು, ಈ ನಾಲ್ಕು ದಿನ ಅವನು ಯಾರ ಮನೆಯಲ್ಲಿದ್ದಾನೆ?"

ನಿಂಗರಾಜು ಅವರೆಕಾಯಿ ಕೆಳಗಿಟ್ಟು, ಆಟಗಾರನ ಹೆಂಡತಿಯನ್ನು ನೋಡಿ ಬರಲು ಎದ್ದ.